ಹೆದ್ದಾರಿಯ ಡಾಂಬರು ಎಷ್ಟು ಜಾರುತ್ತದೆ? ಪೆಂಡುಲಮ್ ಪರೀಕ್ಷೆ ತಪ್ಪಿಲ್ಲದೆ ಮಾಡುವ ಸಮಗ್ರ ಮಾರ್ಗದರ್ಶಿ

ಪೆಂಡುಲಮ್ ಟೆಸ್ಟರ್ ಅಂದರೆ ತೂಗುವ ತೋಳಿನ ಉಪಕರಣ. ತೋಳಿನ ತುದಿಯ ರಬ್ಬರು ತುಂಡು, ಅಂದರೆ ಸ್ಲೈಡರ್, ಒದ್ದೆ ರಸ್ತೆಯನ್ನು ಉಜ್ಜಿಕೊಂಡು ಹೋಗುತ್ತದೆ. ಮುಳ್ಳು ತೋರಿಸುವ ನಂಬರು ಜಾಸ್ತಿ ಇದ್ದಷ್ಟೂ ಹಿಡಿತ ಜಾಸ್ತಿ. ಹೀಗೆ ರಸ್ತೆಯ ಹಿಡಿತ ಅಳೆದ ವರದಿಗಳು ನನ್ನ ಮೇಜಿಗೆ ಆಗಾಗ ಬರುತ್ತವೆ. ಹತ್ತರಲ್ಲಿ ಐದಾರನ್ನು ವಾಪಸ್ ಕಳಿಸಬೇಕಾಗುತ್ತದೆ. ಉಪಕರಣ ಕೆಟ್ಟಿರುವುದಿಲ್ಲ, ಹುಡುಗರು ಸೋಮಾರಿಗಳೂ ಅಲ್ಲ. ಅದೇ ನಾಲ್ಕೈದು ತಪ್ಪು ಮತ್ತೆ ಮತ್ತೆ: ಅಳೆಯಬೇಕಾದ ಜಾಗ ಬಿಟ್ಟು ಬೇರೆ ಕಡೆ ಅಳೆಯುವುದು, ಸೊನ್ನೆ ನೋಡದೆ ಶುರು ಮಾಡುವುದು, ಸ್ಲೈಡರ್ ಉಜ್ಜುವ ಉದ್ದ ಅಂದಾಜಿನಲ್ಲಿ ಬಿಡುವುದು, ನೀರು ಹಾಕಿದ ಮೇಲೆ ಸ್ಯಾಂಡ್ ಪ್ಯಾಚ್ (ಗಾಜಿನ ಮಣಿ ಹರಡಿ ರಸ್ತೆಯ ತಗ್ಗಿನ ಆಳ ಅಳೆಯುವ ಪರೀಕ್ಷೆ) ಮಾಡಲು ಹೋಗುವುದು. ಪೆಂಡುಲಮ್ಮಿನ ತೊಂದರೆ ಏನೆಂದರೆ, ಹೇಗೆ ಬೀಸಿದರೂ ಅದು ಒಂದು ನಂಬರು ತೋರಿಸಿಯೇ ತೋರಿಸುತ್ತದೆ. ಆ ನಂಬರು ಸುಳ್ಳು ಎಂದು ಅದು ಹೇಳುವುದಿಲ್ಲ.

ಇಲ್ಲಿ ಹೇಳುತ್ತಿರುವುದು ವಾಹನ ದಟ್ಟಣೆ ಇರುವ ಡಾಂಬರು ಹೆದ್ದಾರಿಗೆ. ತುಮಕೂರು, ಚಿತ್ರದುರ್ಗದ ಕಡೆ ಹೋಗುವ ಎನ್‌ಎಚ್ 48ರಂಥ ರಸ್ತೆ ಅಂದುಕೊಳ್ಳಿ.

## ಶುರುವಿಗೆ ಮುಂಚೆ: ಎರಡು ಬಗೆಯ ಒರಟು

ಒರಳುಕಲ್ಲು ಸವೆದು ನುಣುಪಾದರೆ ಹಿಟ್ಟು ನುಣ್ಣಗೆ ಆಗುವುದಿಲ್ಲ. ಆಗ ಕಲ್ಲು ಕುಟ್ಟುವವರನ್ನು ಕರೆದು ಉಳಿಯಿಂದ ಕುಟ್ಟಿಸುತ್ತಿದ್ದರು ಅಲ್ವಾ? ರಸ್ತೆಯ ಜೆಲ್ಲಿಯದೂ ಅದೇ ಕತೆ. ಪ್ರತಿ ಜೆಲ್ಲಿಯ ಮೈ ಮೇಲೆ ಬೆರಳಿಗೆ ತಾಗುವಷ್ಟೇ ಸಣ್ಣ ಒರಟು ಇರುತ್ತದೆ. ಇದು ಸೂಕ್ಷ್ಮ ಒರಟು. ಟೈರಿನ ರಬ್ಬರು ಹಿಡಿಯುವುದು ಇದನ್ನೇ. ಲಾರಿ ಟೈರುಗಳು ಉಜ್ಜಿ ಉಜ್ಜಿ ಇದನ್ನು ಪಾಲಿಶ್ ಮಾಡುತ್ತವೆ.

ಇನ್ನೊಂದು, ಜೆಲ್ಲಿ ಜೆಲ್ಲಿಯ ನಡುವಿನ ತಗ್ಗು. ಇದು ದೊಡ್ಡ ಒರಟು. ಮಳೆಯಲ್ಲಿ ಟೈರಿನ ಕೆಳಗಿನ ನೀರು ಓಡಿಹೋಗಲು ದಾರಿ ಇದೇ. ವೇಗ ಜಾಸ್ತಿಯಾದಷ್ಟೂ ಇದರ ಬೆಲೆ ಜಾಸ್ತಿ.

ಪೆಂಡುಲಮ್ ಮುಖ್ಯವಾಗಿ ಮೊದಲನೆಯದನ್ನು ತೋರಿಸುತ್ತದೆ. ಅದರ ರಬ್ಬರು ರಸ್ತೆಯನ್ನು ಉಜ್ಜುವುದು ಗಂಟೆಗೆ ಸುಮಾರು 10 ಕಿ.ಮೀ. ವೇಗದಲ್ಲಿ ಅಷ್ಟೆ. ಎರಡನೆಯದಕ್ಕೆ ಸ್ಯಾಂಡ್ ಪ್ಯಾಚ್ ಬೇಕು. ಹೆದ್ದಾರಿಗೆ ಎರಡೂ ಬೇಕು. ಒಂದನ್ನೇ ಮಾಡಿ ವರದಿ ಕೊಟ್ಟರೆ ಅರ್ಧ ಕೆಲಸ.

## ಹಂತ 1: ಸಾಮಾನು ಹಿಂದಿನ ದಿನವೇ ಜೋಡಿಸಿ

ಪೆಂಡುಲಮ್ ಟೆಸ್ಟರ್, 76 ಮಿ.ಮೀ. ಅಗಲದ ಸ್ಲೈಡರ್ ಕನಿಷ್ಠ ಎರಡು, ಉಜ್ಜುವ ಉದ್ದ ಅಳೆಯುವ ಗೇಜು, 60ನೇ ನಂಬರಿನ ಸಿಲಿಕಾನ್ ಕಾರ್ಬೈಡ್ ಬಟ್ಟೆ, ನೀರಿನ ಕ್ಯಾನು ಮತ್ತು ಸ್ಪ್ರೇ ಬಾಟಲಿ, ರಸ್ತೆಯ ಮೈ ಬಿಸಿ ಅಳೆಯುವ ಥರ್ಮಾಮೀಟರ್. ಸ್ಯಾಂಡ್ ಪ್ಯಾಚ್‌ಗೆ 0.18ರಿಂದ 0.25 ಮಿ.ಮೀ. ಗಾತ್ರದ ಗಾಜಿನ ಮಣಿ, 25 ಮಿ.ಲೀ. ಅಳತೆಯ ಪಾತ್ರೆ, ಅಡಿಗೆ ಗಟ್ಟಿ ರಬ್ಬರು ಇರುವ 60ರಿಂದ 75 ಮಿ.ಮೀ. ಬಿಲ್ಲೆ, ಉಕ್ಕಿನ ಅಳತೆ ಪಟ್ಟಿ, ಗಟ್ಟಿ ಬ್ರಶ್ ಮತ್ತು ಮೆದು ಬ್ರಶ್. ಗುರುತಿಗೆ ಬಳಪ ಮತ್ತು ಪೇಂಟು.

ಸ್ಲೈಡರ್ ಬಗ್ಗೆ ಎರಡು ಮಾತು. ಪಾದಚಾರಿ ನೆಲ ಪರೀಕ್ಷಿಸುವ ಗಟ್ಟಿ ರಬ್ಬರಿನ ಸ್ಲೈಡರೂ ಇದೇ ಪೆಟ್ಟಿಗೆಯಲ್ಲಿ ಇರುವುದುಂಟು. ನೋಡಲು ಒಂದೇ ಥರ. ಅದನ್ನು ರಸ್ತೆಗೆ ಹಾಕಬೇಡಿ. ಇನ್ನು, ಹೊಸ ಸ್ಲೈಡರನ್ನು ನೇರವಾಗಿ ರಸ್ತೆಗೆ ತರಬೇಡಿ. ಸಿಲಿಕಾನ್ ಕಾರ್ಬೈಡ್ ಬಟ್ಟೆಯ ಮೇಲೆ ಒಣಗಿದ್ದಂತೆಯೇ ಹತ್ತು ಸಲ ಬೀಸಿ ಅದರ ಅಂಚು ಹದ ಮಾಡಿ. ಬಳಸಿದ ಸ್ಲೈಡರಿನ ಅಂಚು ಅಡ್ಡಕ್ಕೆ 3.2 ಮಿ.ಮೀ. ಅಥವಾ ಎತ್ತರದಲ್ಲಿ 1.6 ಮಿ.ಮೀ. ದಾಟಿ ಸವೆದಿದ್ದರೆ ಎಸೆಯಿರಿ. ಅದನ್ನೇ ಜೋಪಾನ ಮಾಡಿಟ್ಟುಕೊಂಡು ಇನ್ನೊಂದು ತಿಂಗಳು ಓಡಿಸುವವರನ್ನು ನೋಡಿದ್ದೇನೆ.

ಟೆಸ್ಟರಿನ ಕ್ಯಾಲಿಬ್ರೇಷನ್ ಆಗಿ ಒಂದು ವರ್ಷ ಕಳೆದಿದ್ದರೆ ಸಾಮಾನು ಜೋಡಿಸುವ ಕೆಲಸ ಅಲ್ಲಿಗೇ ನಿಲ್ಲಿಸಿ.

## ಹಂತ 2: ದಿನ ಮತ್ತು ಹೊತ್ತು ಆರಿಸಿ

ಏಪ್ರಿಲ್ ತಿಂಗಳ ಮಧ್ಯಾಹ್ನ ಡಾಂಬರಿನ ಮೈ 50 ಡಿಗ್ರಿ ದಾಟುತ್ತದೆ. ಪೆಂಡುಲಮ್ ಪರೀಕ್ಷೆಗೆ ಮೈ ಬಿಸಿ 5ರಿಂದ 40 ಡಿಗ್ರಿ ಒಳಗೆ ಇರಬೇಕು. ರಬ್ಬರು ಬಿಸಿಯಾದಷ್ಟೂ ನಂಬರು ಇಳಿಯುತ್ತದೆ. ಹಾಗಾಗಿ ಬೆಳಿಗ್ಗೆ ಆರೂವರೆಗೆ ರಸ್ತೆಯ ಮೇಲಿರಿ, ಹತ್ತರೊಳಗೆ ಮುಗಿಸಿ.

ಮಾವಿನ ಮಳೆಯ ಮೊದಲ ಹನಿ ಬಿದ್ದಾಗ ರಸ್ತೆ ಸಾಬೂನಿನಂತೆ ಜಾರುತ್ತದೆ. ತಿಂಗಳುಗಟ್ಟಲೆ ಕೂತ ಧೂಳು, ಎಣ್ಣೆ, ರಬ್ಬರಿನ ಪುಡಿ ನೀರಿಗೆ ಕಲಸಿ ಕೆಸರಾಗಿರುತ್ತದೆ. ಆವತ್ತು ಅಳೆದರೆ ಕೆಸರನ್ನು ಅಳೆದಂತೆ. ಡಾಂಬರಿನ ಗುಣ ಬೇಕಿದ್ದರೆ ನಾಲ್ಕಾರು ಒಳ್ಳೆಯ ಮಳೆ ಆದ ಮೇಲೆ, ರಸ್ತೆ ಒಣಗಿದ ದಿನ ಹೋಗಿ.

ಊರುಗಳ ಹತ್ತಿರದ ಸರ್ವಿಸ್ ರಸ್ತೆಗಳಿಗೆ ಇನ್ನೊಂದು ಎಚ್ಚರಿಕೆ. ಸುಗ್ಗಿಯಲ್ಲಿ ರಾಗಿ, ಹುರುಳಿ ಒಕ್ಕಣೆ ರಸ್ತೆಯ ಮೇಲೇ ನಡೆಯುತ್ತದೆ. ಹುಲ್ಲು ತೆಗೆದ ಮೇಲೂ ಹೊಟ್ಟು ಡಾಂಬರಿನ ತಗ್ಗಿನಲ್ಲಿ ಕೂತಿರುತ್ತದೆ. ಕರಾವಳಿಯ ಎನ್‌ಎಚ್ 66ರಲ್ಲಿ ಮೀನಿನ ಲಾರಿಯಿಂದ ಸೋರಿದ ನೀರು ಇದೇ ಥರದ ತಲೆನೋವು. ತೊಳೆದು ನೋಡಿ, ತೊಳೆದರೂ ಹೋಗದಿದ್ದರೆ ಜಾಗ ಬದಲಿಸಿ.

ಹೊಸದಾಗಿ ಹಾಕಿದ ರಸ್ತೆಯನ್ನು ಮರುದಿನವೇ ಅಳೆಯಬೇಡಿ. ಜೆಲ್ಲಿಯ ಮೇಲೆ ಬಿಟುಮೆನ್ (ಜೆಲ್ಲಿ ಅಂಟಿಸುವ ಕಪ್ಪು ಟಾರು) ಪೊರೆ ಇನ್ನೂ ಇರುತ್ತದೆ. ವಾಹನ ಓಡಿ ಅದು ಸವೆದ ಮೇಲೆಯೇ ಜೆಲ್ಲಿಯ ನಿಜ ಬಣ್ಣ ಗೊತ್ತಾಗುವುದು.

## ಹಂತ 3: ಸರಿಯಾದ ಜಾಗ, ಸುರಕ್ಷಿತವಾಗಿ

ಅತಿ ಜಾಸ್ತಿ ವರದಿಗಳು ಕೆಡುವುದು ಇಲ್ಲಿ. ನಾನು ಈ ಕೆಲಸಕ್ಕೆ ಹೊಸಬನಾಗಿದ್ದಾಗ ಒಂದು ನಾಲ್ಕು ಪಥದ ಹೆದ್ದಾರಿಯಲ್ಲಿ ಲಾರಿಗಳಿಗೆ ಹೆದರಿ ಅಂಚಿನ ಬಿಳಿ ಗೆರೆಯ ಪಕ್ಕದಲ್ಲೇ ಟೆಸ್ಟರ್ ಇಟ್ಟಿದ್ದೆ. ನಂಬರು 60ರ ಮೇಲೆ ಬಂತು. ಖುಷಿಯಾಗಿ ಬರೆದುಕೊಂಡೆ. ಹಿರಿಯರೊಬ್ಬರು ಬಂದು ಸಂಚಾರ ತಡೆಸಿ, ಚಕ್ರದ ಜಾಡಿನ ಮೇಲೆ ಇಡಿಸಿದರು. 45 ಕೂಡ ಮುಟ್ಟಲಿಲ್ಲ. ಎರಡು ಜಾಗಕ್ಕೂ ನಡುವೆ ಒಂದು ಮೀಟರಿನಷ್ಟೂ ಇರಲಿಲ್ಲ. ಅಂಚಿನ ಮೇಲೆ ಟೈರು ಓಡುವುದೇ ಇಲ್ಲ, ಹಾಗಾಗಿ ಅಲ್ಲಿನ ಜೆಲ್ಲಿ ಸವೆಯುವುದೂ ಇಲ್ಲ.

ಚಕ್ರದ ಜಾಡು ಎಲ್ಲಿದೆ ಎಂದು ಪುಸ್ತಕ ನೋಡಿ ಹೇಳಬೇಡಿ. ಎಡ ಲೇನಿನ ಎಡ ಜಾಡು ಎಂದು ಬರೆದಿರುತ್ತದೆ. ನಮ್ಮಲ್ಲಿ ಲಾರಿಗಳು ಬಲ ಲೇನು ಹಿಡಿದು ಹೋಗುವುದು ಮಾಮೂಲು. ಹತ್ತು ನಿಮಿಷ ಬದಿಯಲ್ಲಿ ನಿಂತು ಲಾರಿಗಳು ಎಲ್ಲಿ ಓಡುತ್ತಿವೆ ನೋಡಿ. ಬೆಳಗಿನ ಎಳೆ ಬಿಸಿಲಿಗೆ ಎದುರಾಗಿ ಕುಕ್ಕರುಗಾಲಲ್ಲಿ ಕೂತು ನೋಡಿದರೆ ಪಾಲಿಶ್ ಆದ ಜಾಡು ಎರಡು ಪಟ್ಟೆಯಾಗಿ ಹೊಳೆಯುತ್ತದೆ. ಅಲ್ಲಿ ಅಳೆಯಿರಿ.

ಆ ಜಾಡಿನ ಉದ್ದಕ್ಕೆ 5ರಿಂದ 10 ಮೀಟರಿಗೆ ಒಂದರಂತೆ ಐದು ಜಾಗ ಗುರುತು ಮಾಡಿ. ತಿರುವು, ಇಳಿಜಾರು, ಟೋಲ್ ಮುಂದಿನ ಬ್ರೇಕ್ ಹಾಕುವ ಜಾಗ, ಸಿಗ್ನಲ್ ಮುಂಭಾಗ ಇವನ್ನು ಬೇರೆ ಬೇರೆ ತುಣುಕಾಗಿ ತೆಗೆದುಕೊಳ್ಳಿ. ನೇರ ರಸ್ತೆಯ ನಂಬರಿನ ಜೊತೆ ಸೇರಿಸಿ ಸರಾಸರಿ ಮಾಡಿದರೆ ಕೆಟ್ಟ ಜಾಗ ಅಡಗಿಹೋಗುತ್ತದೆ.

ಸುರಕ್ಷತೆಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ (ಐಆರ್‌ಸಿ) ಎಸ್‌ಪಿ 55 ಮಾರ್ಗಸೂಚಿಯಲ್ಲಿ ಇರುವ ಕ್ರಮ ಪಾಲಿಸಿ: ಮುನ್ಸೂಚನೆ ವಲಯ, ಲೇನು ಕಿರಿದಾಗುವ ವಲಯ, ಕೆಲಸದ ವಲಯ, ಮತ್ತೆ ಲೇನು ತೆರೆಯುವ ವಲಯ. ಬೋರ್ಡು ಮೊದಲು, ಕೋನು ಆಮೇಲೆ, ಮನುಷ್ಯ ಕೊನೆಗೆ. ಕನಿಷ್ಠ ನಾಲ್ಕು ಜನ ಬೇಕು. ಒಬ್ಬನ ಕೆಲಸ ಬರೀ ಬರುವ ವಾಹನ ನೋಡುವುದು. ಅವನ ಕೈಗೆ ಅಳತೆ ಪಟ್ಟಿಯಾಗಲಿ ಮೊಬೈಲಾಗಲಿ ಕೊಡಬೇಡಿ. ಪರ್ಮಿಷನ್ ಇಲ್ಲದೆ, ಪೊಲೀಸರಿಗೆ ತಿಳಿಸದೆ, ಎರಡು ಕೋನು ಇಟ್ಟು ಬೇಗ ಮುಗಿಸಿಬಿಡೋಣ ಅನ್ನುವ ಮಾತೇ ಬೇಡ.

## ಹಂತ 4: ಕಣ್ಣು ಮತ್ತು ಬೆರಳಿನ ಪರೀಕ್ಷೆ

ಐದು ನಿಮಿಷದ ಕೆಲಸ. ಜಾಡಿನಲ್ಲಿ ಜೆಲ್ಲಿ ತುದಿಗಳು ಕಾಣುತ್ತಿವೆಯೇ, ಇಲ್ಲ ಕಪ್ಪು ಕನ್ನಡಿಯಂತಿದೆಯೇ? ಕಾಣುತ್ತಿದ್ದರೆ ಹೆಬ್ಬೆರಳಿನಿಂದ ಉಜ್ಜಿ. ಉಪ್ಪುಕಾಗದದಂತೆ ತಾಗಿದರೆ ಒಳ್ಳೆಯದು. ಹಳೆಯ ದೇವಸ್ಥಾನದ ಹೊಸ್ತಿಲಿನಂತೆ ನುಣುಪಾಗಿದ್ದರೆ ಪಾಲಿಶ್ ಆಗಿದೆ. ಕಪ್ಪಾಗಿ, ಬಿಸಿಲಿಗೆ ಚಪ್ಪಲಿ ಅಂಟುವಂತಿದ್ದರೆ ಬಿಟುಮೆನ್ ಮೇಲೆ ಬಂದಿದೆ, ಅಂದರೆ ಬ್ಲೀಡಿಂಗ್. ಕಂಡದ್ದನ್ನು ಬರೆದು ಫೋಟೊ ತೆಗೆಯಿರಿ. ಕೊನೆಗೆ ನಂಬರಿಗೂ ಇದಕ್ಕೂ ತಾಳೆ ಬೀಳದಿದ್ದರೆ ನನಗೆ ಮೊದಲು ಅನುಮಾನ ಬರುವುದು ನಂಬರಿನ ಮೇಲೆ.

## ಹಂತ 5: ಮೊದಲು ಸ್ಯಾಂಡ್ ಪ್ಯಾಚ್, ಒಣ ರಸ್ತೆಯಲ್ಲಿ

ಗಾಜಿನ ಮಣಿಗೆ ಒಣ ಮೈ ಬೇಕು. ಪೆಂಡುಲಮ್ಮಿಗೆ ಒದ್ದೆ ಮೈ ಬೇಕು. ಹಾಗಾಗಿ ಸ್ಯಾಂಡ್ ಪ್ಯಾಚ್ ಯಾವಾಗಲೂ ಮೊದಲು.

ಗಟ್ಟಿ ಬ್ರಶ್, ಆಮೇಲೆ ಮೆದು ಬ್ರಶ್ ಹಾಕಿ ಗುಡಿಸಿ. 25 ಮಿ.ಲೀ. ಪಾತ್ರೆಗೆ ಮಣಿ ತುಂಬಿ, ತಳವನ್ನು ಮೆಲ್ಲಗೆ ತಟ್ಟಿ, ಮತ್ತೆ ತುಂಬಿ, ಮೇಲೆ ಸಮ ಮಾಡಿ. ರಸ್ತೆಯ ಮೇಲೆ ಗುಡ್ಡೆಯಾಗಿ ಸುರಿದು, ಬಿಲ್ಲೆಯ ರಬ್ಬರು ಬದಿಯಿಂದ ಸುತ್ತಿ ಸುತ್ತಿ ಹರಡಿ. ಮಣಿ ತಗ್ಗುಗಳಲ್ಲಿ ತುಂಬಿ ಜೆಲ್ಲಿ ತುದಿಗಳು ಮಾತ್ರ ಕಾಣುವ ತನಕ. ದೋಸೆ ಹರಡುವ ಕೈ ಇದ್ದವರಿಗೆ ಇದು ಬೇಗ ಒಗ್ಗುತ್ತದೆ. ಜಾಸ್ತಿ ಒತ್ತಬೇಡಿ.

ವೃತ್ತದ ವ್ಯಾಸವನ್ನು ನಾಲ್ಕು ದಿಕ್ಕಿನಲ್ಲಿ ಅಳೆದು ಸರಾಸರಿ ತೆಗೆಯಿರಿ. ಲೆಕ್ಕ ಹೀಗೆ: ವ್ಯಾಸವನ್ನು ಅದರಿಂದಲೇ ಗುಣಿಸಿ, 0.785ರಿಂದ ಮತ್ತೆ ಗುಣಿಸಿ. ಬಂದ ಸಂಖ್ಯೆಯಿಂದ 25,000 ಅನ್ನು ಭಾಗಿಸಿ. ನಾಲ್ಕು ಅಳತೆ 196, 204, 198, 202 ಮಿ.ಮೀ. ಬಂದರೆ ಸರಾಸರಿ 200. 200 ಗುಣಿಸು 200 ಗುಣಿಸು 0.785 ಅಂದರೆ 31,400. ಆಳ 0.80 ಮಿ.ಮೀ. ವೃತ್ತ 250 ಮಿ.ಮೀ. ಆದರೆ ಆಳ 0.51ಕ್ಕೆ ಇಳಿಯುತ್ತದೆ. 300 ಆದರೆ 0.35. ವೃತ್ತ ದೊಡ್ಡದಾದಷ್ಟೂ ರಸ್ತೆ ನುಣುಪು.

ಇಲ್ಲಿ ಎರಡು ತಪ್ಪು ಜಾಸ್ತಿ. ಒಂದು, ಲಾರಿ ಗಾಳಿಗೆ ಮಣಿ ಹಾರುವುದು. ಕಾರಿನ ಟೈರು ಅಥವಾ ರಟ್ಟಿನ ಮರೆ ಬೇಕೇ ಬೇಕು. ಮಣಿ ಹಾರಿದರೆ ವೃತ್ತ ಚಿಕ್ಕದಾಗಿ, ರಸ್ತೆ ಇರುವುದಕ್ಕಿಂತ ಒರಟಾಗಿ ಕಾಣುತ್ತದೆ. ಎರಡು, ಮಣಿ ಸರಿಯಾಗಿ ಗುಡಿಸದೆ ಅದೇ ಜಾಗದಲ್ಲಿ ಪೆಂಡುಲಮ್ ಬೀಸುವುದು. ರಬ್ಬರಿನ ಕೆಳಗೆ ಉಳಿದ ಮಣಿ ಬಾಲ್ ಬೇರಿಂಗಿನಂತೆ ಉರುಳುತ್ತದೆ. ನಾನಂತೂ ಪೆಂಡುಲಮ್ಮನ್ನು ಅದೇ ಜಾಡಿನಲ್ಲಿ ಒಂದು ಮೀಟರ್ ಮುಂದಕ್ಕೆ ಇಡುತ್ತೇನೆ.

## ಹಂತ 6: ಪೆಂಡುಲಮ್ ನಿಲ್ಲಿಸಿ, ಸೊನ್ನೆ ನೋಡಿ

ವಾಹನ ಹೋಗುವ ದಿಕ್ಕಿಗೇ ತೋಳು ಬೀಸುವಂತೆ ಇಡಿ. ಮೂರು ಸ್ಕ್ರೂ ತಿರುಗಿಸಿ ಸ್ಪಿರಿಟ್ ಲೆವೆಲ್ಲಿನ ಗುಳ್ಳೆ ನಡುವೆ ತನ್ನಿ. ಇಳಿಜಾರಿನಲ್ಲಿ ತಾಳ್ಮೆ ಬೇಕು.

ಈಗ ತಲೆಯನ್ನು ಮೇಲೆತ್ತಿ, ಸ್ಲೈಡರ್ ರಸ್ತೆಗೆ ತಾಗದಂತೆ ಮಾಡಿ. ತೋಳನ್ನು ಕೊಕ್ಕೆಗೆ ಸಿಕ್ಕಿಸಿ, ಮುಳ್ಳನ್ನು ತೋಳಿಗೆ ತಾಗಿಸಿ, ಗುಂಡಿ ಒತ್ತಿ ಬಿಡಿ. ಮುಳ್ಳು ಸೊನ್ನೆಗೆ ಹೋಗಿ ನಿಲ್ಲಬೇಕು. ಸೊನ್ನೆ ಮುಟ್ಟದೆ 2ರಲ್ಲಿ ನಿಂತರೆ ನಿಮ್ಮ ಎಲ್ಲ ರೀಡಿಂಗೂ ಇರುವುದಕ್ಕಿಂತ ಜಾಸ್ತಿ ತೋರಿಸುತ್ತವೆ. ಲಾಕ್ ರಿಂಗ್ ಸಡಿಲಿಸಿ, ಘರ್ಷಣೆ ರಿಂಗನ್ನು ಸ್ವಲ್ಪ ತಿರುಗಿಸಿ, ಬಿಗಿ ಮಾಡಿ ಮತ್ತೆ ಬೀಸಿ. ಸೊನ್ನೆ ಸತತವಾಗಿ ಬರುವ ತನಕ.

ಪಕ್ಕದ ಲೇನಿನಲ್ಲಿ ಬಸ್ಸು ಹಾದುಹೋದರೆ ಖಾಲಿ ತೋಳು ತಾನೇ ಅಲುಗಾಡುವುದು ಕಾಣುತ್ತದೆ. ಆ ಗಾಳಿ ನಿಮ್ಮ ಬೀಸಿಗೂ ತಾಗುತ್ತದೆ. ಎರಡು ವಾಹನದ ನಡುವಿನ ಬಿಡುವಿಗೆ ಕಾದು ಬೀಸಿ. ಇಲ್ಲಿ ಅವಸರ ಮಾಡಿದವರ ರೀಡಿಂಗು ಮೇಲೆ ಕೆಳಗೆ ಕುಣಿಯುತ್ತದೆ.

## ಹಂತ 7: ಉಜ್ಜುವ ಉದ್ದ 126 ಮಿ.ಮೀ.

ಇಡೀ ಪರೀಕ್ಷೆಯ ಪ್ರಾಣ ಇದರಲ್ಲಿದೆ. ರಬ್ಬರು ರಸ್ತೆಯನ್ನು ಎಷ್ಟು ಉದ್ದ ಉಜ್ಜುತ್ತದೋ ಅಷ್ಟು ಶಕ್ತಿ ಕಳೆಯುತ್ತದೆ, ಅಷ್ಟು ನಂಬರು ಏರುತ್ತದೆ. ಈ ಪರೀಕ್ಷೆಯ ಅಮೆರಿಕನ್ ಮಾನದಂಡ ಎಎಸ್‌ಟಿಎಂ ಇ303 ಪ್ರಕಾರ ಉದ್ದ 124ರಿಂದ 127 ಮಿ.ಮೀ. ಒಳಗೆ ಇರಬೇಕು.

ತೋಳು ನೇರ ಕೆಳಗೆ ತೂಗುವಾಗ, ಎತ್ತುವ ಹಿಡಿಯ ಸ್ಕ್ರೂ ಕೆಳಗೆ ಸ್ಪೇಸರ್ ಇಟ್ಟು, ಸ್ಲೈಡರ್ ಅಂಚು ರಸ್ತೆಗೆ ಸುಮ್ನೆ ಮುಟ್ಟುವಷ್ಟು ತಲೆ ಇಳಿಸಿ ಬಿಗಿ ಮಾಡಿ. ಸ್ಪೇಸರ್ ತೆಗೆಯಿರಿ. ತೋಳನ್ನು ಕೈಯಲ್ಲಿ ಮೆಲ್ಲಗೆ ಒಂದು ಬದಿಗೆ ಒಯ್ದು ಅಂಚು ತಾಗುವ ಜಾಗ ಗುರುತಿಸಿ. ಹಿಡಿ ಎತ್ತಿ ಇನ್ನೊಂದು ಬದಿಗೆ ದಾಟಿಸಿ, ಅಲ್ಲಿಯೂ ಗುರುತಿಸಿ. ಎರಡರ ನಡುವೆ ಗೇಜು ಇಡಿ. ದಾಟಿಸುವಾಗ ಹಿಡಿ ಎತ್ತಲು ಮರೆತು ರಬ್ಬರನ್ನು ರಸ್ತೆಯ ಮೇಲೆ ಎಳೆದರೆ ಅಂಚು ಹಾಳಾಗುತ್ತದೆ. ಇದನ್ನು ಎಲ್ಲರೂ ಒಂದು ಸಲ ಮಾಡುತ್ತಾರೆ.

ಐದೂ ಜಾಗದಲ್ಲಿ ಇದನ್ನು ಹೊಸದಾಗಿ ಹೊಂದಿಸಬೇಕು. “ಹಿಂದಿನ ಜಾಗದಲ್ಲಿ ಸರಿ ಇತ್ತು ಸಾರ್” ಅನ್ನುವುದು ನಡೆಯುವುದಿಲ್ಲ.

## ಹಂತ 8: ನೀರು, ಬೀಸು, ಓದು

1. ರಸ್ತೆ ಮತ್ತು ಸ್ಲೈಡರ್ ಎರಡನ್ನೂ ಚೆನ್ನಾಗಿ ನೆನೆಸಿ. ಡಾಂಬರಿನ ತಗ್ಗುಗಳಲ್ಲಿ ನೀರು ಹೊಳೆಯುವಷ್ಟು. ಆಮೇಲೆ ಒದ್ದೆ ಮೈ ಬಿಸಿ ಅಳೆದು ಬರೆಯಿರಿ.

2. ಮೊದಲ ಬೀಸು ಲೆಕ್ಕಕ್ಕಿಲ್ಲ.

3. ಪ್ರತಿ ಬೀಸಿಗೂ ಮತ್ತೆ ನೀರು. ಎಷ್ಟೋ ಜನ ಒಮ್ಮೆ ನೀರು ಹಾಕಿ ಐದು ಬೀಸು ಮುಗಿಸುತ್ತಾರೆ. ನಮ್ಮ ಬಿಸಿಲಿಗೆ ಮೂರನೇ ಬೀಸಿನ ಹೊತ್ತಿಗೆ ನೀರು ಆರಿ ನಂಬರು ಏರತೊಡಗುತ್ತದೆ.

4. ತೋಳು ಹಿಂದಕ್ಕೆ ಬರುವಾಗ ಸ್ಲೈಡರ್ ರಸ್ತೆಗೆ ತಾಗುವ ಮುಂಚೆಯೇ ಕೈಯಲ್ಲಿ ಹಿಡಿಯಿರಿ.

5. ಮುಳ್ಳಿನ ನೇರಕ್ಕೆ ಕಣ್ಣಿಟ್ಟು ಓದಿ. ಸ್ಕೇಲು ಎರಡಿರುತ್ತವೆ. 126 ಮಿ.ಮೀ. ಉದ್ದ ಉಜ್ಜುವ ಅಗಲವಾದ ಸ್ಲೈಡರಿಗೆ 150ರ ತನಕ ಇರುವ ಮುಖ್ಯ ಸ್ಕೇಲು. ಇನ್ನೊಂದು ಲ್ಯಾಬಿನಲ್ಲಿ ಜೆಲ್ಲಿಯ ಪಾಲಿಶ್ ಪರೀಕ್ಷೆಗೆ ಬಳಸುವ ಸಣ್ಣ ಸ್ಲೈಡರಿನದು.

6. ಐದು ರೀಡಿಂಗ್ ತೆಗೆಯಿರಿ. ಐದರ ನಡುವೆ ವ್ಯತ್ಯಾಸ 3 ಅಂಕ ದಾಟಿದರೆ, ಸತತ ಮೂರು ಒಂದೇ ಬರುವ ತನಕ ಬೀಸುತ್ತಿರಿ.

7. ಮುಗಿದ ಮೇಲೆ ಉಜ್ಜುವ ಉದ್ದ ಮತ್ತು ಸೊನ್ನೆ ಮತ್ತೆ ನೋಡಿ. ಬದಲಾಗಿದ್ದರೆ ಆ ಜಾಗದ ಎಲ್ಲ ರೀಡಿಂಗೂ ಹೊಡೆದುಹಾಕಿ.

ಎಚ್ಚರಿಕೆಯ ಲಕ್ಷಣ ಒಂದೆರಡು. ಬೀಸಿನಿಂದ ಬೀಸಿಗೆ ನಂಬರು ಒಂದೇ ದಿಕ್ಕಿನಲ್ಲಿ ಇಳಿಯುತ್ತಿದ್ದರೆ ರಸ್ತೆಯ ಕೊಳೆ ಅಥವಾ ಸ್ಲೈಡರಿಗೆ ಅಂಟಿದ ಬಿಟುಮೆನ್ ಕಾರಣ ಇರಬಹುದು. ಸ್ಲೈಡರ್ ತಿರುಗಿಸಿ ನೋಡಿ, ಕಪ್ಪು ಪಟ್ಟೆ ಕಾಣುತ್ತದೆ. ಉಜ್ಜುವಾಗ ‘ಸರ್’ ಎನ್ನುವ ಬದಲು ‘ಟಕ್’ ಎಂದು ಕುಣಿದರೆ ಜೆಲ್ಲಿಯೊಂದು ಎದ್ದಿದೆ. ಅರ್ಧ ಅಡಿ ಸರಿಸಿ ಇಡಿ. ಐದೂ ರೀಡಿಂಗ್ ಪ್ರತಿ ಜಾಗದಲ್ಲೂ ಒಂದೇ ಅಂಕೆ ಬಂದ ವರದಿ ನೋಡಿದರೆ ಅದನ್ನು ರಸ್ತೆಯ ಮೇಲೆ ಬರೆದರೋ ಟೀ ಅಂಗಡಿಯಲ್ಲೋ ಎಂದು ನನಗೆ ಅನುಮಾನ.

## ಹಂತ 9: ಬಿಸಿಯ ತಿದ್ದುಪಡಿ

ನಂಬರನ್ನು 20 ಡಿಗ್ರಿಗೆ ಹೊಂದಿಸಬೇಕು. ಒದ್ದೆ ಮೈ 23ರಿಂದ 29 ಡಿಗ್ರಿ ಇದ್ದರೆ 1 ಕೂಡಿಸಿ. 30ರಿಂದ 35 ಇದ್ದರೆ 2. 36ರಿಂದ 40 ಇದ್ದರೆ 3. ಕೊಡಗಿನ ಚಳಿಗಾಲದ ಬೆಳಿಗ್ಗೆ 16ರಿಂದ 18 ಸಿಕ್ಕರೆ 1 ಕಳೆಯಿರಿ. ವರದಿಯಲ್ಲಿ ಎರಡೂ ನಂಬರು ಬರೆಯಿರಿ, ತಿದ್ದಿದ್ದು ಮತ್ತು ತಿದ್ದದ್ದು.

## ಹಂತ 10: ಎರಡು ನಂಬರನ್ನೂ ಒಟ್ಟಿಗೆ ಓದಿ

ಬ್ರಿಟನ್ನಿನ ರೋಡ್ ನೋಟ್ 27ರ ಹಳೆಯ ಅಳತೆಗೋಲು ಈಗಲೂ ಕೆಲಸಕ್ಕೆ ಬರುತ್ತದೆ. ಪೆಂಡುಲಮ್ ನಂಬರು ಕನಿಷ್ಠ ಇಷ್ಟು ಇರಬೇಕು: ರಸ್ತೆ ವೃತ್ತಗಳು, ಕಡಿದಾದ ತಿರುವು, 100 ಮೀಟರಿಗಿಂತ ಉದ್ದದ 20ಕ್ಕೆ 1ರ ಅಥವಾ ಇನ್ನೂ ಕಡಿದಾದ ಇಳಿಜಾರು, ಸಿಗ್ನಲ್ ಮುಂಭಾಗ ಇವಕ್ಕೆ 65. ಹೆದ್ದಾರಿ ಮತ್ತು ದಟ್ಟಣೆಯ ನಗರ ರಸ್ತೆಗೆ 55. ಉಳಿದವಕ್ಕೆ 45. ಸ್ಯಾಂಡ್ ಪ್ಯಾಚ್‌ನಲ್ಲಿ ಆಳ 0.5 ಮಿ.ಮೀ. ಕೆಳಗೆ ಬಂದರೆ ವೇಗದ ರಸ್ತೆಯಲ್ಲಿ ನಾನು ಅದನ್ನು ಕೆಂಪು ಶಾಯಿಯಲ್ಲಿ ಬರೆಯುತ್ತೇನೆ.

ಪೆಂಡುಲಮ್ ನಂಬರು ಕಡಿಮೆ, ಆಳ ಚೆನ್ನಾಗಿದೆ: ಜೆಲ್ಲಿ ಪಾಲಿಶ್ ಆಗಿದೆ. ಮರಳು ಎರಚಿ ಪ್ರಯೋಜನವಿಲ್ಲ. ಶಾಟ್ ಬ್ಲಾಸ್ಟಿಂಗ್ (ಉಕ್ಕಿನ ಸಣ್ಣ ಗುಂಡು ರಭಸದಿಂದ ಎರಚುವುದು) ಅಥವಾ ಭಾರಿ ಒತ್ತಡದ ನೀರಿನಿಂದ ಕಲ್ಲಿನ ಮೈ ಮತ್ತೆ ಒರಟು ಮಾಡಬೇಕು, ಒರಳುಕಲ್ಲು ಕುಟ್ಟಿಸಿದ ಹಾಗೆ. ಇಲ್ಲವೇ ಒಳ್ಳೆಯ ಜೆಲ್ಲಿಯ ಮೈಕ್ರೊಸರ್ಫೇಸಿಂಗ್, ಅಂದರೆ ತೆಳುವಾದ ಹೊಸ ಮೇಲ್ಪದರ. ಬಿಟುಮಿನಸ್ ಕಾಂಕ್ರೀಟಿನ ಜೆಲ್ಲಿಗೆ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಸ್ಪೆಸಿಫಿಕೇಷನ್ ಪ್ರಕಾರ ಪಾಲಿಶ್ ಮೌಲ್ಯ (ಜೆಲ್ಲಿ ನುಣುಪಾಗದೆ ತಾಳುವ ಗುಣದ ಅಳತೆ) ಕನಿಷ್ಠ 55 ಬೇಕು. ಹತ್ತಿರದ ಕ್ವಾರಿ ಅಗ್ಗ ಎಂದು ಸುಣ್ಣಕಲ್ಲಿನ ಜೆಲ್ಲಿ ತಂದರೆ ಬೇಗ ನುಣುಪಾಗಿ ಮತ್ತೆ ಇದೇ ಜಾಗಕ್ಕೆ ಬರುತ್ತೀರಿ. ಕಡಿದಾದ ತಿರುವಿಗೆ, ಟೋಲ್ ಮುಂಭಾಗಕ್ಕೆ ಸುಟ್ಟ ಬಾಕ್ಸೈಟಿನ ಹರಳು ಅಂಟಿಸುವ ಹೆಚ್ಚು ಹಿಡಿತದ ಪದರ ಇದೆ. ದುಬಾರಿ, ಆದರೆ ಐವತ್ತು ಮೀಟರಿಗೆ ಸಾಕು.

ನಂಬರು ಪರವಾಗಿಲ್ಲ, ಆಳ ಕಡಿಮೆ: ಇದು ಮೋಸದ ರಸ್ತೆ. ನಿಧಾನಕ್ಕೆ ಹೋದರೆ ಏನೂ ಗೊತ್ತಾಗುವುದಿಲ್ಲ. ಮಳೆಯಲ್ಲಿ 90ರಲ್ಲಿ ಹೋದರೆ ಟೈರು ನೀರಿನ ಮೇಲೆ ತೇಲುತ್ತದೆ. ಪೆಂಡುಲಮ್ ನಂಬರನ್ನು 100ರಿಂದ ಭಾಗಿಸಿ ಬ್ರೇಕ್ ದೂರದ ಲೆಕ್ಕಕ್ಕೆ ಹಾಕುವವರು ಇಲ್ಲೇ ಎಡವುವುದು. ಆ ಸಂಖ್ಯೆ ಸುಮಾರಾಗಿ ಹೊಂದುವುದು 50 ಕಿ.ಮೀ. ವೇಗಕ್ಕೆ. ವೇಗ ಏರಿದಂತೆ ಒದ್ದೆ ರಸ್ತೆಯ ಹಿಡಿತ ಇಳಿಯುತ್ತದೆ. 80 ಕಿ.ಮೀ. ವೇಗದಲ್ಲಿ ಘರ್ಷಣೆ 0.5 ಇದ್ದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು 50 ಮೀಟರ್ ಸಾಕು. ಅದು 0.35ಕ್ಕೆ ಇಳಿದರೆ 72 ಮೀಟರ್ ಬೇಕು.

ಎರಡೂ ಕಡಿಮೆ, ಮೈ ಕಪ್ಪು: ಬ್ಲೀಡಿಂಗ್. ಸಣ್ಣ ಪ್ರಮಾಣಕ್ಕೆ ಬಿಸಿ ದಪ್ಪ ಮರಳು ಅಥವಾ ಕಲ್ಲಿನ ಚೂರು ಹರಡಿ ರೋಲ್ ಮಾಡಿ, ಉಳಿದದ್ದನ್ನು ಗುಡಿಸಿ. ಪರೀಕ್ಷೆ ಬೆಳಿಗ್ಗೆ ಮಾಡಿದ್ದರೂ ಈ ಕೆಲಸಕ್ಕೆ ಉರಿಬಿಸಿಲಿನ ಮಧ್ಯಾಹ್ನವೇ ಬೇಕು. ಉದ್ದಕ್ಕೂ ಹಬ್ಬಿದ್ದರೆ ಮೇಲಿನ ಪದರವನ್ನು ಯಂತ್ರದಿಂದ ಕೆರೆದು (ಮಿಲ್ಲಿಂಗ್) ತೆಗೆಯುವುದೇ ದಾರಿ. ಅದರ ಮೇಲೇ ಮೈಕ್ರೊಸರ್ಫೇಸಿಂಗ್ ಹಾಕಿದರೆ ಮುಂದಿನ ಬೇಸಿಗೆಗೆ ಬಿಟುಮೆನ್ ಅದನ್ನೂ ದಾಟಿ ಮೇಲೆ ಬರುತ್ತದೆ.

ನೂರಾರು ಕಿ.ಮೀ. ಅಳೆಯಬೇಕಿದ್ದರೆ ಪೆಂಡುಲಮ್ ಹಿಡಿದು ಹೊರಡಬೇಡಿ. ಓಡುತ್ತಲೇ ಅಳೆಯುವ ಸ್ಕ್ರಿಮ್, ಗ್ರಿಪ್‌ಟೆಸ್ಟರ್‌ನಂಥ ಯಂತ್ರ ಬೇಕು. ಅವು ತೋರಿಸಿದ ಕೆಟ್ಟ ತುಣುಕಿಗೆ ಪೆಂಡುಲಮ್ ಒಯ್ಯಿರಿ.

## ರಸ್ತೆ ಬಿಡುವ ಮುಂಚೆ

ಪ್ರತಿ ಜಾಗದ ನೇರಕ್ಕೆ ಅಂಚಿನ ಕಲ್ಲಿನ ಮೇಲೆ ಪೇಂಟಿನ ಗುರುತು ಹಾಕಿ. ಕಿ.ಮೀ. ಕಲ್ಲಿನಿಂದ ಎಷ್ಟು ಮೀಟರ್, ಅಂಚಿನ ಗೆರೆಯಿಂದ ಎಷ್ಟು ಸೆಂ.ಮೀ. ಒಳಗೆ, ಬರೆದಿಡಿ. ರಿಪೇರಿ ಆದ ಮೇಲೆ ಅದೇ ಜಾಗಕ್ಕೆ ಟೆಸ್ಟರ್ ಬರಬೇಕು. ಸ್ಲೈಡರ್ ಒರೆಸಿ ಬಿಸಿಲು ಬೀಳದ ಡಬ್ಬಿಯಲ್ಲಿ ಇಡಿ, ಜೀಪಿನ ಡ್ಯಾಶ್‌ಬೋರ್ಡ್ ಮೇಲಂತೂ ಬೇಡ. ತೋಳನ್ನು ಬಿಚ್ಚಿ ಪೆಟ್ಟಿಗೆಗೆ ಹಾಕಿ. ಆಮೇಲೆ ಕೋನು ತೆಗೆಯಿರಿ, ಕೊನೆಯ ಕೋನಿನಿಂದ ಶುರು ಮಾಡಿ ವಾಹನ ಬರುವ ಕಡೆಗೆ. ಮುನ್ಸೂಚನೆ ಬೋರ್ಡು ಎಲ್ಲಕ್ಕಿಂತ ಕೊನೆಗೆ.